ಪ್ರಾಚೀನರ ಆಯುಷ್ಯ, ಮುಪ್ಪು ಮತ್ತು ಅರಳುಮರಳು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮುಪ್ಪಿನೊಡನೆ ನೆನಪು ಕುಗ್ಗುವುದೂ ಬುದ್ಧಿ ಮಂಕಾಗುವುದೂ ಉಂಟೆಂಬುದನ್ನು ನಮ್ಮ ಹಿರಿಯರು ಕಂಡಿದ್ದರೆಂಬುದಕ್ಕೆ ಈ ಕಿರುಮಾತೇ ಸಾಕ್ಷಿ. ಇಂದು ಮರೆವಿನ ರೋಗವು ಅನೇಕ ಮನೆಗಳ ದುಃಖವಾಗಿ ಪರಿಣಮಿಸಿರುವಾಗ, ಅದರ ಪೂರ್ವಚರಿತ್ರೆಯನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಹಿಂದಿನವರು ಮೂವತ್ತು ವರ್ಷಕ್ಕೇ ಸಾಯುತ್ತಿದ್ದರು, ಆದುದರಿಂದ ಅವರಿಗೆ ಮುಪ್ಪೂ ತಿಳಿಯದು, ಮರೆವೂ ತಿಳಿಯದು ಎಂಬುದು ಒಂದು. ಹಿಂದಿನವರು ಶುದ್ಧವಾದ ಅನ್ನ, ನೀರು, ಗಾಳಿಗಳ ಬಲದಿಂದ ನೂರು ವರ್ಷ ಬಾಳುತ್ತಿದ್ದರು, ಮರೆವಿನ ರೋಗವು ಇಂದಿನ ನಾಗರಿಕತೆಯ ಕೊಡುಗೆ ಎಂಬುದು ಇನ್ನೊಂದು. ಇವೆರಡೂ ಒಂದಕ್ಕೊಂದು ವಿರುದ್ಧವಾದ ಮಾತುಗಳು. ಆದರೂ ಒಬ್ಬನೇ ವ್ಯಕ್ತಿ ಸಂದರ್ಭಕ್ಕೆ ತಕ್ಕಂತೆ ಎರಡನ್ನೂ ಆಡುವುದನ್ನು ನಾವು ಕೇಳುತ್ತೇವೆ.

ವಾಚಕ ಮಹಾಶಯರೇ, ಇದು ಕೇವಲ ಪಂಡಿತರ ಚರ್ಚೆಯೆಂದು ಭಾವಿಸಬೇಡಿರಿ. ಮೊದಲನೆಯ ಮಾತನ್ನು ನಂಬಿದವನಿಗೆ ಮನೆಯ ಹಿರಿಯರ ಮರೆವು ಹಿಂದೆಂದೂ ಇಲ್ಲದ ಅನಿಷ್ಟವಾಗಿ ತೋರುತ್ತದೆ. ಎರಡನೆಯದನ್ನು ನಂಬಿದವನು, ಹಿರಿಯರ ನಡತೆಯಲ್ಲಿಯೋ ಮನೆಯವರ ಆರೈಕೆಯಲ್ಲಿಯೋ ಏನೋ ದೋಷವಿದ್ದುದರಿಂದಲೇ ಹೀಗಾಯಿತೆಂದು ಬಗೆಯುತ್ತಾನೆ. ಮೊದಲಿನದರಿಂದ ಭಯವೂ ಎರಡನೆಯದರಿಂದ ನಿಂದೆಯೂ ಹುಟ್ಟುತ್ತವೆ. ಇವುಗಳ ನಡುವೆ ಸತ್ಯವೇನೆಂಬುದನ್ನು ಇತಿಹಾಸದ ಆಧಾರದಿಂದ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಸರಾಸರಿ ಎಂಬ ಲೆಕ್ಕ

ಪ್ರಾಚೀನ ರೋಮಿನಲ್ಲಿ ಜನನಕಾಲದ ಸರಾಸರಿ ಆಯುಷ್ಯವು ೨೦ ರಿಂದ ೩೦ ವರ್ಷಗಳ ನಡುವೆ ಇದ್ದಿತೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಈ ಮಾತು ನಿಜವೇ. ಆದರೆ ಸರಾಸರಿ ಎಂಬುದರ ಅರ್ಥವನ್ನು ನಾವು ಎಚ್ಚರಿಕೆಯಿಂದ ತಿಳಿದುಕೊಳ್ಳಬೇಕು. ಒಂದು ಮನೆಯಲ್ಲಿ ಹತ್ತು ಮಕ್ಕಳು ಹುಟ್ಟಿದರೆಂದು ಎಣಿಸೋಣ. ಅವರಲ್ಲಿ ಮೂವರು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಬ್ಬರು ಐದನೆಯ ವರ್ಷದಲ್ಲಿ ಜ್ವರದಿಂದ ಹೋದರು. ಇಬ್ಬರು ಮೂವತ್ತಕ್ಕೆ, ಒಬ್ಬರು ನಲವತ್ತೈದಕ್ಕೆ, ಒಬ್ಬರು ಅರವತ್ತಕ್ಕೆ ಕಾಲವಾದರು. ಕೊನೆಯವರು ಎಪ್ಪತ್ತೈದು ವರ್ಷ ಬಾಳಿದರು. ಈ ಹತ್ತೂ ಜನರ ವಯಸ್ಸನ್ನು ಕೂಡಿದರೆ ೨೫೦ ವರ್ಷ. ಹತ್ತರಿಂದ ಭಾಗಿಸಿದರೆ ಸರಾಸರಿ ೨೫. ಆದರೆ ಆ ಮನೆಯಲ್ಲಿ ಇಪ್ಪತ್ತೈದನೆಯ ವರ್ಷದಲ್ಲಿ ಸತ್ತವರು ಒಬ್ಬರೂ ಇಲ್ಲ! ಬಾಲ್ಯವನ್ನು ದಾಟಿದ ಐವರ ಸರಾಸರಿಯನ್ನು ಮಾತ್ರ ತೆಗೆದರೆ ಅದು ೪೮ ಆಗುತ್ತದೆ. ಶಿಶುಮರಣವೇ ಒಟ್ಟು ಲೆಕ್ಕವನ್ನು ಕೆಳಕ್ಕೆ ಎಳೆಯಿತೇ ಹೊರತು, ಮುಪ್ಪೆಂಬುದೇ ಇರಲಿಲ್ಲವೆಂದಲ್ಲ.

ಇದಕ್ಕೆ ದೂರದ ರೋಮಿಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿಯೇ ೧೯೪೧-೫೧ ರ ದಶಕದಲ್ಲಿ ಸರಾಸರಿ ಆಯುಷ್ಯವು ಸುಮಾರು ೩೨ ವರ್ಷಗಳಷ್ಟೇ ಆಗಿದ್ದಿತು. ಆದರೆ ಆ ಕಾಲದ ಯಾವ ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ಇರಲಿಲ್ಲ? ಜಗುಲಿಯ ಮೇಲೆ ಕುಳಿತು ಮೊಮ್ಮಕ್ಕಳಿಗೆ ಕಥೆ ಹೇಳಿದವರು ಅವರೇ ಅಲ್ಲವೇ? ಅದೇ ಅಜ್ಜಿಯನ್ನು ಎಷ್ಟು ಮಕ್ಕಳನ್ನು ಹೆತ್ತೆ, ಎಷ್ಟು ಉಳಿದವು ಎಂದು ಕೇಳಿದ್ದರೆ, ಸರಾಸರಿಯ ರಹಸ್ಯವು ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಇಂದು ನಮ್ಮ ಸರಾಸರಿ ಆಯುಷ್ಯವು ಸುಮಾರು ೭೦ ಕ್ಕೆ ಏರಿದೆ. ಮನುಷ್ಯನ ಆಯುಸ್ಸಿನ ಮೇಲಣ ಎಲ್ಲೆ ದುಪ್ಪಟ್ಟಾಯಿತೆಂದು ಇದರ ಅರ್ಥವಲ್ಲ. ಬದುಕಿ ಉಳಿದು ಆ ಎಲ್ಲೆಯನ್ನು ಸಮೀಪಿಸುವವರ ಸಂಖ್ಯೆ ಬಹುವಾಗಿ ಹೆಚ್ಚಿದೆಯೆಂದು ಅರ್ಥ.

ಈ ವಿಷಯದಲ್ಲಿ ಪ್ರಾಚೀನರು ಬಿಟ್ಟುಹೋದ ದಾಖಲೆಗಳು ಕುತೂಹಲಕಾರಿಯಾಗಿವೆ. ರೋಮನ್ನರ ಆಳ್ವಿಕೆಗೆ ಒಳಪಟ್ಟಿದ್ದ ಈಜಿಪ್ತಿನಲ್ಲಿ ಹದಿನಾಲ್ಕು ವರ್ಷಗಳಿಗೊಮ್ಮೆ ಜನಗಣತಿ ನಡೆಯುತ್ತಿದ್ದಿತು. ಅಲ್ಲಿನ ಒಣಮರಳಿನಲ್ಲಿ ಉಳಿದುಬಂದ ಸುಮಾರು ೩೦೦ ಗಣತಿಪತ್ರಗಳನ್ನು ಪರಿಶೀಲಿಸಿ ಬ್ಯಾಗ್ನಲ್ ಮತ್ತು ಫ್ರಯರ್ ಎಂಬ ವಿದ್ವಾಂಸರು ೧೯೯೪ ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿನ ಹೆಣ್ಣುಮಕ್ಕಳ ಜನನಕಾಲದ ಸರಾಸರಿ ಆಯುಷ್ಯವು ೨೦ ರಿಂದ ೨೫ ವರ್ಷಗಳೆಂದು ಅವರು ಕಂಡುಕೊಂಡರು. ಆದರೆ ಅದೇ ಪತ್ರಗಳಲ್ಲಿ ಎಪ್ಪತ್ತನ್ನು ದಾಟಿದವರ ಹೆಸರುಗಳೂ ದೊರೆಯುತ್ತವೆ. ರೋಮಿನ ನ್ಯಾಯಶಾಸ್ತ್ರಜ್ಞನಾದ ಉಲ್ಪಿಯನ್ ಎಂಬುವನು ಕ್ರಿ. ಶ. ಮೂರನೆಯ ಶತಮಾನದಲ್ಲಿ, ಮರಣಶಾಸನದ ಮೂಲಕ ಒಬ್ಬನಿಗೆ ಜೀವಿತಾವಧಿಯ ವರ್ಷಾಶನವನ್ನು ಬಿಟ್ಟುಕೊಟ್ಟರೆ ಅದರ ಬೆಲೆಯನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಒಂದು ಪಟ್ಟಿಯನ್ನು ರಚಿಸಿದನು. ಇಪ್ಪತ್ತರೊಳಗಿನವನಿಗೆ ೩೦ ವರ್ಷ, ಮೂವತ್ತರಿಂದ ಮೂವತ್ತೈದರವನಿಗೆ ೨೨ ವರ್ಷ, ಐವತ್ತರಿಂದ ಐವತ್ತೈದರವನಿಗೆ ೯ ವರ್ಷ, ಅರವತ್ತು ದಾಟಿದವನಿಗೆ ೫ ವರ್ಷ ಎಂದು ಅದರಲ್ಲಿ ಎಣಿಕೆ ಮಾಡಲಾಗಿದೆ. ಇಂದಿನ ವಿಮಾ ಸಂಸ್ಥೆಗಳ ಲೆಕ್ಕಾಚಾರಕ್ಕೆ ಇದು ದೂರದ ಪೂರ್ವಜ. ರೋಮನ್ ಸಾಮ್ರಾಜ್ಯದ ಜನರಲ್ಲಿ ನೂರಕ್ಕೆ ಆರರಿಂದ ಎಂಟು ಮಂದಿ ಅರವತ್ತನ್ನು ದಾಟಿದವರಾಗಿದ್ದಿರಬೇಕೆಂದು ಇತಿಹಾಸಕಾರರು ಹೇಳುತ್ತಾರೆ.

ಇದಕ್ಕೆ ಪ್ರತಿಯಾಗಿ, ಅತ್ಯುಕ್ತಿಯ ಲೆಕ್ಕಗಳನ್ನೂ ನಾವು ನಂಬಬಾರದು. ಕ್ರಿ. ಶ. ೭೩-೭೪ ರಲ್ಲಿ ವೆಸ್ಪಾಸಿಯನ್ ಚಕ್ರವರ್ತಿಯು ನಡೆಸಿದ ಗಣತಿಯಲ್ಲಿ, ಇಟಲಿಯ ಒಂದೇ ಪ್ರಾಂತದಲ್ಲಿ ನೂರು ವರ್ಷದವರು ೫೪ ಮಂದಿ ಇದ್ದರೆಂದೂ ೧೪೦ ವರ್ಷದವರೆಂದು ಹೇಳಿಕೊಂಡವರು ಮೂವರಿದ್ದರೆಂದೂ ಹಿರಿಯ ಪ್ಲಿನಿಯು ಬರೆದಿದ್ದಾನೆ. ಆದರೆ ಆ ಕಾಲದ ಸಮಾಧಿಶಿಲೆಗಳನ್ನು ನೋಡಿದರೆ, ಅವುಗಳಲ್ಲಿ ವಯಸ್ಸುಗಳು ಬಹುಮಟ್ಟಿಗೆ ಐದರ ಮಡಿಗಳಲ್ಲಿಯೇ ಇವೆ. ತಮ್ಮ ಹುಟ್ಟಿದ ವರ್ಷವನ್ನು ನಿಶ್ಚಯವಾಗಿ ಅರಿಯದ ಜನರು ಅಂದಾಜಿನಿಂದ ಹೇಳಿದ ವಯಸ್ಸುಗಳು ಅವು. ಹೀಗಿರುವಲ್ಲಿ ೧೪೦ ರ ಮಾತನ್ನು ಹೇಗೆ ಒಪ್ಪುವುದು?

ವೈದ್ಯರು ಕಂಡದ್ದೇನು?

ಮುಪ್ಪು ಇದ್ದಿತೆಂದ ಮೇಲೆ ಮರೆವು ಇದ್ದಿತೇ ಎಂಬ ಪ್ರಶ್ನೆ ಬರುತ್ತದೆ. ಈಜಿಪ್ತಿನ ಐದನೆಯ ರಾಜವಂಶದ ಮಂತ್ರಿಯಾದ ಪ್ತಾಹೋತೆಪನ ಹೆಸರಿನಲ್ಲಿರುವ ನೀತಿಬೋಧೆಯು ಜಗತ್ತಿನ ಅತಿ ಪ್ರಾಚೀನ ಗ್ರಂಥಗಳಲ್ಲೊಂದು. ಅದರ ಆರಂಭದಲ್ಲಿ ಮುದುಕನಾದ ಮಂತ್ರಿಯು ರಾಜನ ಮುಂದೆ ನಿಂತು ತನ್ನ ಮುಪ್ಪನ್ನು ಬಣ್ಣಿಸುತ್ತಾನೆ. ಕಣ್ಣು ಮಂಜಾಗಿದೆ, ಕಿವಿ ಕೇಳದು, ಬಾಯಿ ಮೌನವಾಗಿದೆ, ಹೃದಯವು ನಿನ್ನೆಯದನ್ನು ನೆನೆಯಲಾರದು ಎಂಬುದು ಅವನ ಮಾತಿನ ಸಾರ. ಈಜಿಪ್ತಿನವರಿಗೆ ಹೃದಯವೇ ಬುದ್ಧಿಯ ನೆಲೆ. ಹತ್ತಿರದ ಸಂಗತಿಯೇ ಮೊದಲು ಮರೆಯುವುದೆಂಬ ಇಂದಿನ ವೈದ್ಯರ ಮಾತನ್ನು ನೆನೆದರೆ, ‘ನಿನ್ನೆ’ ಎಂಬ ಆ ಒಂದು ಪದವು ಎಷ್ಟು ನಿಕಟವಾದ ಅವಲೋಕನದಿಂದ ಬಂದುದೆಂಬುದು ಮನದಟ್ಟಾಗುತ್ತದೆ.

ಗ್ರೀಸಿನಲ್ಲಿ ಚಿತ್ರವು ಬೇರೆಯಾಗಿದೆ. ಹಿಪೋಕ್ರಟೀಸನ ಹೆಸರಿನಲ್ಲಿರುವ ವೈದ್ಯಸೂತ್ರಗಳಲ್ಲಿ ಮುಪ್ಪಿನ ರೋಗಗಳ ಒಂದು ಪಟ್ಟಿಯಿದೆ. ಉಬ್ಬಸ, ಕೆಮ್ಮು, ಮೂತ್ರಕೃಚ್ಛ್ರ, ಕೀಲುನೋವು, ತಲೆಸುತ್ತು, ಲಕ್ವ, ತುರಿಕೆ, ನಿದ್ರಾಹೀನತೆ, ದೃಷ್ಟಿಮಾಂದ್ಯ, ಕಿವುಡು ಇವೆಲ್ಲವೂ ಅಲ್ಲಿವೆ. ಆದರೆ ಮರೆವಿನ ಹೆಸರು ಅಲ್ಲಿ ಕಾಣಬರುವುದಿಲ್ಲ. ಅದೇ ಗ್ರೀಕರ ಕವಿಯೂ ಶಾಸನಕರ್ತನೂ ಆದ ಸೋಲನನು ಮನುಷ್ಯಜೀವನವನ್ನು ಏಳೇಳು ವರ್ಷಗಳ ಹತ್ತು ಭಾಗಗಳಾಗಿ ವಿಂಗಡಿಸಿ, ಒಂಬತ್ತನೆಯ ಭಾಗದಲ್ಲಿ ಮಾತೂ ಜ್ಞಾನವೂ ಕುಗ್ಗತೊಡಗುತ್ತವೆಂದು ಹೇಳಿರುವುದುಂಟು. ಆದರೆ ಅದು ಸಹಜವಾದ ಇಳಿಮುಖವೇ ಹೊರತು ರೋಗವಲ್ಲ.

ರೋಮನ್ನರ ಕಾಲಕ್ಕೆ ಬಂದರೆ ಸಾಕ್ಷ್ಯವು ಹೆಚ್ಚುತ್ತದೆ. ಕ್ರಿ. ಪೂ. ೪೪ ರಲ್ಲಿ ಸಿಸೆರೋ ಮುಪ್ಪನ್ನು ಕುರಿತು ಬರೆದ ಗ್ರಂಥದಲ್ಲಿ, ವೃದ್ಧರ ಭ್ರಾಂತಿಯೆಂಬುದು ಎಲ್ಲ ವೃದ್ಧರ ಲಕ್ಷಣವಲ್ಲ, ಮನಸ್ಸನ್ನು ಬಳಸದೆ ಬಿಟ್ಟವರ ಲಕ್ಷಣ ಎಂದು ವಾದಿಸಿದ್ದಾನೆ. ಪ್ರಸಿದ್ಧ ವಾಗ್ಮಿಯಾಗಿದ್ದ ಮೆಸ್ಸಾಲ ಕೊರ್ವಿನಸನು ಕೊನೆಗೆ ತನ್ನ ಹೆಸರನ್ನೇ ಮರೆತನೆಂದು ಪ್ಲಿನಿಯು ದಾಖಲಿಸಿದ್ದಾನೆ. ಮಾತಿನಿಂದಲೇ ಬಾಳಿದವನಿಗೆ ತನ್ನ ಹೆಸರೇ ನಾಲಿಗೆಗೆ ಬಾರದೆ ಹೋದುದು ಎಂತಹ ವಿಪರ್ಯಾಸ! ಕ್ರಿ. ಶ. ಎರಡನೆಯ ಶತಮಾನದ ಆದಿಯಲ್ಲಿ ವಿಡಂಬನಕಾರನಾದ ಜುವೆನಾಲನು ದೀರ್ಘಾಯುಸ್ಸನ್ನು ಬೇಡುವವರನ್ನು ಎಚ್ಚರಿಸುತ್ತಾ, ಅಂಗಾಂಗಗಳ ನಾಶಕ್ಕಿಂತಲೂ ಬುದ್ಧಿಯ ನಾಶವು ಘೋರವೆಂದು ಹೇಳುತ್ತಾನೆ. ಸೇವಕರ ಹೆಸರು ನೆನಪಿಲ್ಲ, ನಿನ್ನೆ ರಾತ್ರಿ ಜೊತೆಯಲ್ಲಿ ಉಂಡ ಗೆಳೆಯನ ಮುಖದ ಗುರುತಿಲ್ಲ, ತಾನೇ ಹೆತ್ತು ಸಾಕಿದ ಮಕ್ಕಳ ಗುರುತೂ ಇಲ್ಲ, ಅವರನ್ನು ತೊರೆದು ಆಸ್ತಿಯನ್ನೆಲ್ಲ ಪರರಿಗೆ ಬರೆದುಕೊಡುತ್ತಾನೆ ಎಂದು ಅವನು ಚಿತ್ರಿಸಿದ ವೃದ್ಧನನ್ನು ಇಂದಿನ ಯಾವ ವೈದ್ಯನೂ ಕೂಡಲೇ ಗುರುತಿಸಬಲ್ಲನು. ಕಪ್ಪಡೋಶಿಯಾ ನಾಡಿನ ವೈದ್ಯನಾದ ಅರೆಟಿಯಸನು ಹುಚ್ಚಿಗೂ ಮುಪ್ಪಿನ ಭ್ರಾಂತಿಗೂ ಇರುವ ಭೇದವನ್ನು ಸ್ಪಷ್ಟಪಡಿಸಿದನು. ಹುಚ್ಚು ಬಿಟ್ಟು ಬಿಟ್ಟು ಬರುವಂತಹುದು, ಅದಕ್ಕೆ ಉಪಶಮನವುಂಟು. ಮುಪ್ಪಿನ ಭ್ರಾಂತಿಯಾದರೋ ಒಮ್ಮೆ ಹತ್ತಿದರೆ ಬಿಡುವಿಲ್ಲದೆ ಮರಣದವರೆಗೂ ಜೊತೆಯಲ್ಲಿಯೇ ಇರುತ್ತದೆ ಎಂಬುದು ಅವನ ನಿರ್ಣಯ.

ಇನ್ನು ನಮ್ಮ ದೇಶದ ವೈದ್ಯಶಾಸ್ತ್ರವು ಏನು ಹೇಳುತ್ತದೆ? ಚರಕಸಂಹಿತೆಯು ಮನುಷ್ಯನ ಆಯುಸ್ಸಿನ ಪ್ರಮಾಣವನ್ನು ನೂರು ವರ್ಷಗಳೆಂದು ಎಣಿಸುತ್ತದೆ. ಇದು ಎಲ್ಲರೂ ಬಾಳಿದ ಸರಾಸರಿಯ ಲೆಕ್ಕವಲ್ಲ, ಆಯುಸ್ಸಿನ ಪರಮಾವಧಿ ಎಂಬುದನ್ನು ನಾವು ಗಮನಿಸಬೇಕು. ಅದರ ವಿಮಾನಸ್ಥಾನದಲ್ಲಿ ವಯಸ್ಸನ್ನು ಬಾಲ್ಯ, ಮಧ್ಯ, ಜೀರ್ಣ ಎಂದು ಮೂರಾಗಿ ವಿಂಗಡಿಸಲಾಗಿದೆ. ಮೂವತ್ತರವರೆಗೆ ಮೊದಲನೆಯದು, ಅರವತ್ತರವರೆಗೆ ಎರಡನೆಯದು, ಅಲ್ಲಿಂದ ನೂರರವರೆಗೆ ಜೀರ್ಣಾವಸ್ಥೆ. ಈ ಮೂರನೆಯ ಅವಸ್ಥೆಯಲ್ಲಿ ಧಾತು, ಇಂದ್ರಿಯ, ಬಲ, ಪರಾಕ್ರಮಗಳೊಡನೆ ಗ್ರಹಣ, ಧಾರಣ, ಸ್ಮರಣ, ವಚನ, ವಿಜ್ಞಾನಗಳೂ ಕ್ರಮವಾಗಿ ಕ್ಷೀಣಿಸುತ್ತವೆಂದು ಹೇಳಿದೆ. ಹೊಸದನ್ನು ಗ್ರಹಿಸುವ ಶಕ್ತಿ, ಗ್ರಹಿಸಿದುದನ್ನು ಹಿಡಿದಿಡುವ ಶಕ್ತಿ, ಹಿಡಿದಿಟ್ಟುದನ್ನು ನೆನಪಿಗೆ ತರುವ ಶಕ್ತಿ ಎಂದು ಬುದ್ಧಿವ್ಯಾಪಾರವನ್ನು ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿ, ಮುಪ್ಪಿನಲ್ಲಿ ಪ್ರತಿಯೊಂದೂ ಕುಗ್ಗುವುದೆಂದು ಹೇಳಿರುವುದು ಮೆಚ್ಚತಕ್ಕ ವಿಷಯ. ಹಿಪೋಕ್ರಟೀಸನ ಪಟ್ಟಿಯಲ್ಲಿ ಇಲ್ಲದುದು ಇಲ್ಲಿದೆ. ಅಷ್ಟಾಂಗ ಆಯುರ್ವೇದದಲ್ಲಿ ರಸಾಯನವೆಂಬುದೇ ಒಂದು ಅಂಗವಾಗಿದ್ದು, ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಇವುಗಳನ್ನು ಮೇಧಾವರ್ಧಕಗಳೆಂದು ಚರಕನು ಎಣಿಸಿದ್ದಾನೆ. ಮುಪ್ಪಿನ ಮಂದತ್ವವನ್ನು ಕಾಣದವರು ಅದಕ್ಕೆ ಉಪಾಯವನ್ನು ಹುಡುಕುತ್ತಿದ್ದರೇ?

ನ್ಯಾಯಸ್ಥಾನದಲ್ಲಿ ವೃದ್ಧರು

ವೈದ್ಯರು ಸಂಕ್ಷೇಪವಾಗಿ ಹೇಳಿದುದನ್ನು ಶಾಸನಕರ್ತರು ವಿಸ್ತಾರವಾಗಿ ಯೋಚಿಸಬೇಕಾಯಿತು. ಏಕೆಂದರೆ ಮರೆವಿನೊಡನೆ ಆಸ್ತಿಯ ಪ್ರಶ್ನೆಯೂ ಬರುತ್ತದೆ. ಕ್ರಿ. ಪೂ. ಆರನೆಯ ಶತಮಾನದ ಆದಿಯಲ್ಲಿ ಅಥೆನ್ಸಿಗೆ ಶಾಸನವನ್ನು ವಿಧಿಸಿದ ಸೋಲನನು, ಮಕ್ಕಳಿಲ್ಲದವನು ತನ್ನ ಆಸ್ತಿಯನ್ನು ತನಗೆ ಬೇಕಾದವರಿಗೆ ಬರೆದುಕೊಡಬಹುದೆಂದು ಅನುಮತಿಯಿತ್ತನು. ಆದರೆ ಹುಚ್ಚು, ಮುಪ್ಪು, ಮದ್ದು, ರೋಗ ಮುಂತಾದ ಕಾರಣಗಳಿಂದ ಬುದ್ಧಿ ಕೆಟ್ಟಿದ್ದಾಗ ಬರೆದುದು ಸಲ್ಲದೆಂದು ಒಂದು ನಿಬಂಧನೆಯನ್ನೂ ಸೇರಿಸಿದನು. ಮುಪ್ಪಿನಿಂದ ಬುದ್ಧಿ ಕೆಡುವುದೆಂಬುದು ಆ ಕಾಲದಲ್ಲಿ ಶಾಸನದಲ್ಲಿ ಬರೆಯುವಷ್ಟು ಪರಿಚಿತವಾಗಿದ್ದಿತೆಂದಾಯಿತು. ಮಕ್ಕಳು ತಂದೆಯ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ದಾವೆ ಹೂಡುವುದಕ್ಕೂ ಅಲ್ಲಿ ಅವಕಾಶವಿದ್ದಿತು. ಪ್ಲೇಟೋ ತನ್ನ ‘ನಿಯಮಗಳು’ ಎಂಬ ಗ್ರಂಥದಲ್ಲಿ ಇದಕ್ಕೊಂದು ತಡೆಯನ್ನು ಸೂಚಿಸಿದನು. ಮಗನು ನೇರವಾಗಿ ನ್ಯಾಯಸ್ಥಾನಕ್ಕೆ ಹೋಗಕೂಡದು, ಮೊದಲು ನಾಡಿನ ಹಿರಿಯ ಶಾಸನಪಾಲಕರ ಮುಂದೆ ತನ್ನ ದುಃಖವನ್ನು ತೋಡಿಕೊಂಡು ಅವರ ಸಲಹೆಯಂತೆ ನಡೆಯಬೇಕು ಎಂದು ಅವನ ಮತ.

ಈ ತಡೆಯು ಏಕೆ ಅವಶ್ಯವೆಂಬುದಕ್ಕೆ ಸಿಸೆರೋ ಹೇಳುವ ಒಂದು ಪ್ರಸಂಗವು ನಿದರ್ಶನವಾಗಿದೆ. ಮಹಾನಾಟಕಕಾರನಾದ ಸೋಫೋಕ್ಲೀಸನು ಸುಮಾರು ತೊಂಬತ್ತು ವರ್ಷ ಬಾಳಿ ಕ್ರಿ. ಪೂ. ೪೦೬ ರ ಸುಮಾರಿಗೆ ಮಡಿದನು. ಅವನು ಮುಪ್ಪಿನಲ್ಲಿಯೂ ನಾಟಕರಚನೆಯಲ್ಲಿಯೇ ಮುಳುಗಿ ಮನೆಯ ವ್ಯವಹಾರವನ್ನು ಅಲಕ್ಷಿಸಿದನೆಂದು ಮಕ್ಕಳು ಅವನನ್ನು ನ್ಯಾಯಸ್ಥಾನಕ್ಕೆ ಎಳೆದರಂತೆ. ವೃದ್ಧಕವಿಯು ಬೇರೆ ಯಾವ ವಾದವನ್ನೂ ಹೂಡದೆ, ಆಗತಾನೇ ಬರೆಯುತ್ತಿದ್ದ ‘ಕೊಲೋನಸಿನಲ್ಲಿ ಈಡಿಪಸ್’ ನಾಟಕವನ್ನು ನ್ಯಾಯಾಧಿಪತಿಗಳ ಮುಂದೆ ಓದಿ, ಇದು ಬುದ್ಧಿಗೆಟ್ಟವನ ಕೃತಿಯೇ ಎಂದು ಕೇಳಿದನಂತೆ. ದಾವೆಯು ವಜಾ ಆಯಿತು. ಈ ಕಥೆಯಲ್ಲಿ ಕಲ್ಪನೆಯ ಪಾಲು ಇರಬಹುದು. ಆದರೆ ಎಲ್ಲ ವೃದ್ಧರನ್ನೂ ಮರುಳರೆಂದು ಎಣಿಸುವ ಅವಸರಕ್ಕೆ ಪ್ರಾಚೀನರೇ ಕೊಟ್ಟ ಉತ್ತರವಿದು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಸ್ಪಾರ್ಟಾ ರಾಜ್ಯದಲ್ಲಿ ಅರವತ್ತು ದಾಟಿದ ೨೮ ಮಂದಿ ಹಿರಿಯರು ಇಬ್ಬರು ಅರಸರೊಡನೆ ಕೂಡಿ ಆಜೀವಪರ್ಯಂತ ಅಧಿಕಾರವನ್ನು ನಡೆಸುತ್ತಿದ್ದರು. ದೇಹಕ್ಕೆ ಮುಪ್ಪಿರುವಂತೆ ಮನಸ್ಸಿಗೂ ಮುಪ್ಪುಂಟಾದುದರಿಂದ ಮಹತ್ತರವಾದ ತೀರ್ಪುಗಳನ್ನು ಅವರ ಕೈಯಲ್ಲಿ ಕೊನೆಯವರೆಗೆ ಇಡುವುದು ಸರಿಯಲ್ಲವೆಂದು ಅರಿಸ್ಟಾಟಲನು ಆಕ್ಷೇಪಿಸಿದನು. ನಮ್ಮ ಮನುಸ್ಮೃತಿಯು ಅತಿವೃದ್ಧರನ್ನು ಸಾಕ್ಷಿಗಳನ್ನಾಗಿ ಕರೆಯಬಾರದೆಂದು ವಿಧಿಸಿತು. ಕೌಟಿಲ್ಯನ ಅರ್ಥಶಾಸ್ತ್ರವಾದರೋ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೋಷಕರಿಲ್ಲದ ಬಾಲರು, ವೃದ್ಧರು, ರೋಗಿಗಳು ಇವರನ್ನು ಸಲಹುವುದು ಅರಸನ ಹೊಣೆಯೆಂದು ಸಾರಿತು. ಅಧಿಕಾರದ ಹೊರೆಯನ್ನು ಇಳಿಸುವುದು ಬೇರೆ, ಆರೈಕೆಯನ್ನು ನಿಲ್ಲಿಸುವುದು ಬೇರೆ ಎಂಬ ವಿವೇಕವು ಇವುಗಳಲ್ಲಿ ಕಾಣುತ್ತದೆ.

ಈ ರೋಗವು ಹೊಸದೇ?

ಇಷ್ಟೆಲ್ಲ ಸಾಕ್ಷ್ಯವಿದ್ದರೂ, ಒಟ್ಟಿನಲ್ಲಿ ಪ್ರಾಚೀನ ಗ್ರಂಥಗಳಲ್ಲಿ ತೀವ್ರವಾದ ಮರೆವಿನ ಪ್ರಸ್ತಾಪವು ವಿರಳವೆಂಬುದನ್ನು ನಾವು ಒಪ್ಪಬೇಕು. ಅಮೆರಿಕೆಯ ಫಿಂಚ್ ಮತ್ತು ಬರ್ಸ್ಟೀನ್ ಎಂಬ ವಿದ್ವಾಂಸರು ಗ್ರೀಕ್ ಮತ್ತು ರೋಮನ್ ಗ್ರಂಥಗಳನ್ನು ಶೋಧಿಸಿ ೨೦೨೪ ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ಎತ್ತಿ ತೋರಿಸಿದರು. ಇಂದು ಬೊಲಿವಿಯಾ ದೇಶದ ಕಾಡಿನಲ್ಲಿ ಹಳೆಯ ಬಗೆಯ ದುಡಿಮೆಯ ಜೀವನವನ್ನು ನಡೆಸುವ ತ್ಸಿಮಾನೆ ಜನರಲ್ಲಿ, ಅರವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ ಈ ರೋಗವು ಕಂಡುಬಂದಿದೆ. ನಮ್ಮ ದೇಶದಲ್ಲಿ ಅದೇ ವಯಸ್ಸಿನವರಲ್ಲಿ ನೂರಕ್ಕೆ ೭ ಕ್ಕಿಂತ ಹೆಚ್ಚೆಂದು, ಎಂದರೆ ಸುಮಾರು ೮೮ ಲಕ್ಷ ಜನರೆಂದು, ೨೦೨೩ ರಲ್ಲಿ ಪ್ರಕಟವಾದ ಸಮೀಕ್ಷೆಯು ಅಂದಾಜು ಮಾಡಿದೆ. ಹಾಗಾದರೆ ದೇಹಶ್ರಮವಿಲ್ಲದ ಬದುಕೂ ಮಲಿನವಾದ ಗಾಳಿಯೂ ರೋಗವನ್ನು ಹೆಚ್ಚಿಸಿರಬಹುದೆಂಬ ತರ್ಕಕ್ಕೆ ಎಡೆಯುಂಟು. ಗ್ರೀಕರಿಗಿಂತ ರೋಮನ್ನರಲ್ಲಿ ಉಲ್ಲೇಖಗಳು ಹೆಚ್ಚಾಗಿರುವುದಕ್ಕೆ ಸೀಸದ ಬಳಕೆಯೂ ಕಾರಣವಿರಬಹುದೆಂದು ಅವರು ಊಹಿಸಿದ್ದಾರೆ. ರೋಮನ್ನರು ಸೀಸದ ಕೊಳವೆಗಳಲ್ಲಿ ನೀರು ಹರಿಸುತ್ತಿದ್ದರು, ಸೀಸದ ಪಾತ್ರೆಗಳಲ್ಲಿ ದ್ರಾಕ್ಷಾರಸವನ್ನು ಕುದಿಸುತ್ತಿದ್ದರು. ಮಣ್ಣಿನ ಕೊಳವೆಯೇ ಆರೋಗ್ಯಕರವೆಂದು ಅವರ ವಾಸ್ತುಶಿಲ್ಪಿ ವಿಟ್ರೂವಿಯಸನು ಆಗಲೇ ಎಚ್ಚರಿಸಿದ್ದನು.

ಆದರೆ ಗ್ರಂಥದಲ್ಲಿ ಇಲ್ಲದುದು ಲೋಕದಲ್ಲಿಯೂ ಇರಲಿಲ್ಲವೆಂದು ಹೇಳಲಾಗದು. ಮರೆವಿನ ರೋಗವು ಅರವತ್ತೈದರ ಅನಂತರ ಸುಮಾರು ಐದು ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತಾ ಹೋಗುವಂತಹುದು. ಎಂಬತ್ತನ್ನು ದಾಟುವವರೇ ಬೆರಳೆಣಿಕೆಯಷ್ಟು ಇದ್ದ ಸಮಾಜದಲ್ಲಿ ಅದು ವಿರಳವಾಗಿಯೇ ಕಾಣುತ್ತದೆ. ಹಾಸಿಗೆ ಹಿಡಿದ ವೃದ್ಧನನ್ನು ಮುಂದಿನ ಮಳೆಗಾಲದ ಜ್ವರವೋ ಭೇದಿಯೋ ಕೊಂಡೊಯ್ಯುತ್ತಿದ್ದ ಕಾಲದಲ್ಲಿ, ರೋಗವು ತನ್ನ ಕೊನೆಯ ಘಟ್ಟವನ್ನು ಮುಟ್ಟುವ ಅವಕಾಶವೇ ಕಡಿಮೆ. ಅಲ್ಲದೆ, ಮುಪ್ಪಿನ ಮರೆವಿಗೆ ವೈದ್ಯನನ್ನು ಕರೆಯುವ ಪದ್ಧತಿಯೇ ಇರದಿದ್ದರೆ ವೈದ್ಯನು ಅದನ್ನು ಬರೆದಿಡುವುದಾದರೂ ಹೇಗೆ? ಮನೆಯ ಮೂಲೆಯಲ್ಲಿ ಸೊಸೆಯೋ ಮಗಳೋ ಮೌನವಾಗಿ ನಡೆಸಿದ ಶುಶ್ರೂಷೆಯು ಯಾವ ಗ್ರಂಥವನ್ನೂ ಸೇರಲಿಲ್ಲ.

ತೀರ ಇತ್ತೀಚಿನವರೆಗೂ ಸ್ಥಿತಿ ಹೀಗೆಯೇ ಇದ್ದಿತೆಂಬುದನ್ನು ನೆನೆಯಬೇಕು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ೧೯೦೧ ರಲ್ಲಿ ಆಸ್ಪತ್ರೆಗೆ ಬಂದ ೫೧ ವರ್ಷದ ಮಹಿಳೆಯೊಬ್ಬಳನ್ನು ಆಲೋಯಿಸ್ ಆಲ್‌ಝೈಮರ್ ಎಂಬ ವೈದ್ಯನು ಪರೀಕ್ಷಿಸಿದನು. ಅವಳು ೧೯೦೬ ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಆದ ವಿಕಾರಗಳನ್ನು ಅದೇ ವರ್ಷ ಲೋಕಕ್ಕೆ ತಿಳಿಸಿದನು. ೧೯೧೦ ರಲ್ಲಿ ಆ ರೋಗಕ್ಕೆ ಅವನ ಹೆಸರೇ ಬಂದಿತು. ಆದರೂ ಅದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವೆಂದೂ, ಮುದುಕರ ಮರೆವು ವಯೋಧರ್ಮವೆಂದೂ ಬಹುಕಾಲ ಭಾವಿಸಲಾಗಿದ್ದಿತು. ಇವೆರಡೂ ಒಂದೇ ರೋಗವೆಂದು ೧೯೭೬ ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಎಂಬ ವೈದ್ಯನು ಬಲವಾಗಿ ವಾದಿಸಿದ ಮೇಲೆಯೇ ವೈದ್ಯಲೋಕದ ದೃಷ್ಟಿ ಬದಲಾಯಿತು. ಇಪ್ಪತ್ತನೆಯ ಶತಮಾನದ ವೈದ್ಯರೇ ಕಾಣದೆ ಹೋದುದನ್ನು ಹಿಪೋಕ್ರಟೀಸನು ಬರೆಯಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ ರಲ್ಲಿ ಜಗತ್ತಿನಲ್ಲಿ ೫ ಕೋಟಿ ೭೦ ಲಕ್ಷ ಮಂದಿ ಮರೆವಿನ ರೋಗದಿಂದ ಪೀಡಿತರಾಗಿದ್ದರು. ಈ ಸಂಖ್ಯೆಯ ಹಿಂದೆ ನಮ್ಮ ಕಾಲದ ದೋಷಗಳು ಇರಬಹುದು. ಅದರೊಡನೆ ನಮ್ಮ ಕಾಲದ ಸಾಧನೆಯೂ ಇದೆ. ಶಿಶುಗಳು ಉಳಿದವು, ತಾಯಂದಿರು ಉಳಿದರು, ಸಿಡುಬು ಅಳಿಯಿತು. ಉಳಿದವರು ಮುದುಕರಾದರು.

ನಮ್ಮ ಕರ್ತವ್ಯ

ಇತಿಹಾಸದಿಂದ ನಾವು ಕಲಿಯತಕ್ಕುದು ಇದು. ಮರೆವು ಪ್ರಾಚೀನರಿಗೆ ಅಪರಿಚಿತವಲ್ಲ. ಅದು ಯಾರ ಪಾಪದ ಫಲವೂ ಅಲ್ಲ, ಯಾವ ಮನೆತನದ ಕಳಂಕವೂ ಅಲ್ಲ. ಹಾಗೆಯೇ ಅದು ಪ್ರತಿಯೊಬ್ಬ ವೃದ್ಧನಿಗೂ ವಿಧಿಸಿದ ಶಿಕ್ಷೆಯೂ ಅಲ್ಲ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನೇ ತೆಗೆದುಕೊಳ್ಳಿರಿ. ವರಕವಿ ಬೇಂದ್ರೆಯವರು ಅರವತ್ತು ದಾಟುವ ಹೊತ್ತಿಗೆ ಪ್ರಕಟಿಸಿದ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ೧೯೫೮ ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಅನಂತರವೂ ಅವರ ಕಾವ್ಯಕೃಷಿ ನಿಲ್ಲಲಿಲ್ಲ. ಸೋಫೋಕ್ಲೀಸನು ನ್ಯಾಯಸ್ಥಾನದಲ್ಲಿ ಕೊಟ್ಟ ಉತ್ತರವನ್ನು ನಮ್ಮ ಕವಿಯು ಒಂದು ಹೆಸರಿನಲ್ಲಿಯೇ ಕೊಟ್ಟರೆನ್ನಬಹುದು.

ಆದುದರಿಂದ ವಾಚಕರೇ, ನಿಮ್ಮ ಮನೆಯ ಹಿರಿಯರು ಕೇಳಿದುದನ್ನೇ ಮತ್ತೆ ಮತ್ತೆ ಕೇಳಿದರೆ, ಇಟ್ಟ ವಸ್ತುವನ್ನು ಮರೆತು ಪರರನ್ನು ದೂರಿದರೆ, ಇದು ಹಟವೆಂದು ಸಿಡುಕಬೇಡಿರಿ, ವಯೋಧರ್ಮವೆಂದು ಸುಮ್ಮನಿರಲೂ ಬೇಡಿರಿ. ಕಾಲಕ್ಕೆ ಸರಿಯಾಗಿ ವೈದ್ಯರಿಗೆ ತೋರಿಸಿರಿ. ಮರೆವಿಗೆ ಕಾರಣವಾಗುವ ಕೆಲವು ಕೊರತೆಗಳೂ ರೋಗಗಳೂ ಚಿಕಿತ್ಸೆಯಿಂದ ಗುಣವಾಗುವಂತಹವುಗಳೇ ಆಗಿವೆ. ಆಸ್ತಿಪಾಸ್ತಿಯ ವ್ಯವಸ್ಥೆಯನ್ನು ಅವರ ಬುದ್ಧಿ ತಿಳಿಯಾಗಿರುವಾಗಲೇ ಅವರ ಇಷ್ಟದಂತೆ ನೆರವೇರಿಸಿರಿ. ಸೋಲನನ ಶಾಸನದ ಉದ್ದೇಶವೂ ಅದೇ. ಹಗಲಿರುಳು ಶುಶ್ರೂಷೆ ಮಾಡುವವರ ಭಾರವನ್ನು ಮನೆಯ ಉಳಿದವರು ಹಂಚಿಕೊಳ್ಳಿರಿ. ಜುವೆನಾಲನು ಬಣ್ಣಿಸಿದ ವೃದ್ಧನು ತನ್ನ ಮಕ್ಕಳನ್ನು ಗುರುತಿಸಲಾರದವನಾಗಿದ್ದನು. ಅದು ಅವನ ದೋಷವಲ್ಲ. ಆದರೆ ತಂದೆತಾಯಿಗಳನ್ನು ಗುರುತಿಸುವ ಬುದ್ಧಿಯಿದ್ದೂ ಗುರುತಿಸದೆ ಹೋಗುವ ಮಕ್ಕಳಿಗೆ ಯಾವ ವೈದ್ಯಗ್ರಂಥವೂ ಕ್ಷಮೆ ಕೊಡಲಾರದು. ಅವರು ನಮ್ಮ ಹೆಸರನ್ನು ಮರೆತರೂ ನಾವು ಅವರ ಋಣವನ್ನು ಮರೆಯದಿರೋಣ.